ಮರಳಿನಲ್ಲಿ ಹದಿಮೂರರ ಮಗ್ಗಿ

ಹೆಮ್ಮೆಯ ವಿಷಯದಲ್ಲಿ ನಾನು ಸ್ವಲ್ಪ ಧಾರಾಳಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ, ಹೆಡ್‌ಮಾಸ್ಟರಾಗಿ ನಿವೃತ್ತನಾಗಿ ಶಿವಮೊಗ್ಗದ ರವೀಂದ್ರನಗರದ ಮನೆಯಲ್ಲಿ ಕೂತ ಮೇಲೂ ಈ ಜಿಲ್ಲೆಯ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಮೂರು ಉತ್ತರ ಕೊಡುತ್ತೇನೆ. ಹಳೆಯ ಸಹೋದ್ಯೋಗಿಯೊಬ್ಬರು ಇಟಲಿಯಿಂದ ಬಂದಿದ್ದ ಹೆಂಗಸೊಬ್ಬರನ್ನು ನನ್ನ ಹತ್ತಿರ ಕಳಿಸಿದ್ದು ಅದಕ್ಕೇ.

ನಾನೂರು ವರ್ಷದ ಹಿಂದೆ ಆಕೆಯ ಊರಿನವನೊಬ್ಬ ಕರಾವಳಿಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಕಂಡದ್ದನ್ನೆಲ್ಲ ಬರೆದಿಟ್ಟಿದ್ದ. ಈಕೆ ಅವನ ಹೆಜ್ಜೆ ಹಿಡಿದು, ಆದಷ್ಟು ನಡೆದೇ, ಅಲ್ಲಿಯವರೆಗೆ ಹೋಗಿ ಶಿವಮೊಗ್ಗಕ್ಕೆ ಇಳಿದಿದ್ದರು. ಮಾರನೆಯ ಬೆಳಿಗ್ಗೆ ರೈಲು. ಮುಖದಲ್ಲಿ ಮಾತ್ರ ಸಮಾಧಾನ ಇರಲಿಲ್ಲ.

“ಅವನು ಕಂಡ ಕಲ್ಲುಗಳು ಸಿಕ್ಕವು. ಅವನು ಕಂಡ ಹಾಗೆ ಬದುಕುವ ಒಬ್ಬ ಮನುಷ್ಯನೂ ಸಿಗಲಿಲ್ಲ,” ಎಂದರು ಇಂಗ್ಲಿಷಿನಲ್ಲಿ. ದಾರಿಯಲ್ಲೊಂದು ಗುಡಿಯ ಜಗಲಿಯಲ್ಲಿ ಮಕ್ಕಳು ಲೆಕ್ಕವನ್ನು ಹಾಡುತ್ತ, ನೆಲಕ್ಕೆ ಹರಡಿದ ಮರಳಿನಲ್ಲಿ ಬೆರಳಿಂದ ಬರೆಯುತ್ತ ಕಲಿಯುವುದನ್ನು ಆ ಯಾತ್ರಿಕ ನಿಂತು ನೋಡಿದ್ದನಂತೆ. ಅದೊಂದನ್ನು ಕಣ್ಣಾರೆ ನೋಡಿದರೆ ಬಂದದ್ದು ಸಾರ್ಥಕ ಎಂದರು. ಅದು ಈಗ ಎಲ್ಲಾದರೂ ಇದೆಯೇ?

“ಇಲ್ಲದೆ ಏನು! ಇವತ್ತೇ ತೋರಿಸುತ್ತೇನೆ,” ಎಂದೆ. ನನ್ನ ಬಾಯಿಗೆ ಬೀಗವಿಲ್ಲ.

ಆಲ್ಕೊಳದ ಹತ್ತಿರ ನನ್ನ ಶಿಷ್ಯೆಯೊಬ್ಬಳು ನಡೆಸುವ ಶಿಶುವಿಹಾರವಿದೆ. ಅಲ್ಲಿ ಮರಳಿನ ತೊಟ್ಟಿಯಿದ್ದದ್ದು ನನಗೆ ನೆನಪು. ಹೋಗಿ ನೋಡಿದರೆ ತೊಟ್ಟಿಯ ಜಾಗದಲ್ಲಿ ಪ್ಲಾಸ್ಟಿಕ್ ಜಾರುಬಂಡೆ. “ಈಗ ಎಲ್ಲಾ ಸ್ಮಾರ್ಟ್ ಬೋರ್ಡ್ ಸಾರ್, ಮರಳು ಹಾಕಿದ್ರೆ ಪೇರೆಂಟ್ಸ್ ಬಯ್ತಾರೆ,” ಎಂದಳು ಶಿಷ್ಯೆ. ಅತಿಥಿ ಸೌಜನ್ಯಕ್ಕೆ ನಕ್ಕರು. ಆ ನಗುವಿನಿಂದ ನನಗೆ ಇನ್ನಷ್ಟು ಅವಮಾನವಾಯಿತು. ಕೊಟ್ಟ ಮಾತು ಉಳಿಸಿಕೊಳ್ಳದೆ ಆಕೆಯನ್ನು ರೈಲು ಹತ್ತಿಸಬಾರದೆಂದು ಕಾರನ್ನು ಭದ್ರಾವತಿಯ ಕಡೆ ತಿರುಗಿಸಿದೆ.

ದಾರಿಯಲ್ಲಿ ನಮ್ಮಪ್ಪನ ಕಥೆ ಹೇಳಿದೆ. ಅಪ್ಪ ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸಗಾರ. ಮರಳಿನಲ್ಲಿ ಅಚ್ಚೊತ್ತಿ, ಕರಗಿದ ಕಬ್ಬಿಣ ಹೊಯ್ಯುವ ಕೆಲಸ. ಮಕ್ಕಳಿಗೆ ಸ್ಲೇಟು ಕೊಡುವ ಮುಂಚೆ ಅಂಥದೇ ಮರಳನ್ನು ಮನೆಯ ನೆಲಕ್ಕೆ ಹರಡಿ, ಮಗ್ಗಿ ಹಾಡಿಸಿ ಬರೆಸುತ್ತಿದ್ದರು. ಅವರಿಗೆ ಅವರಪ್ಪ ಕಲಿಸಿದ್ದೂ ಹಾಗೆಯೇ. ನಾನೇ ಕೂತು ಬರೆದು ತೋರಿಸುತ್ತೇನೆ ಎಂದೆ. ಕೊನೆಗೆ ನನ್ನ ಮಾಮೂಲಿ ಮಾತನ್ನೂ ಸೇರಿಸಿದೆ: “ನನ್ನ ತಾಯಿಗೆ ಒಂದಕ್ಷರ ಬಾರದು. ಅಂಥ ತಾಯಿಯ ಮಗ ಹೆಡ್‌ಮಾಸ್ಟರಾದ.” ಎಷ್ಟೋ ಸಮಾರಂಭಗಳಲ್ಲಿ ಈ ಮಾತಿಗೆ ಚಪ್ಪಾಳೆ ಬಿದ್ದಿದೆ. ಅತಿಥಿಯೂ ತಲೆದೂಗಿದರು.

ಓಲ್ಡ್ ಟೌನಿನ ಮನೆಯಲ್ಲಿ ಅಮ್ಮ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಎಂಬತ್ನಾಲ್ಕು ವಯಸ್ಸು, ಹಣೆಗೆ ಮೂರು ಬೆರಳಿನ ವಿಭೂತಿ, ಮಾತು ಇನ್ನೂ ಚುರುಕು. ಅತಿಥಿ ಬಂದ ಕಾರಣ ಹೇಳಿದೆ.

“ಇವ್ರ ಊರಿನೋರು ಇಲ್ಲಿಗೆ ಬಂದಿದ್ರಾ? ಯಾವಾಗ?”

“ನಾನೂರು ವರ್ಷ ಆಯ್ತಮ್ಮ.”

“ಹಂಗಾದ್ರೆ ನಾನು ನೋಡಿಲ್ಲ ಬಿಡು,” ಎಂದಳು.

ತಮ್ಮನ ಹೆಂಡತಿ ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯಿಂದ ಒಂದು ಬುಟ್ಟಿ ಮರಳು ತಂದು ಜಗಲಿಗೆ ಸುರಿದಳು. ನಾನು ಪಂಚೆ ಎತ್ತಿ ಕಟ್ಟಿ, ಮಂಡಿಯನ್ನು ಬೈದುಕೊಳ್ಳುತ್ತ ಕೂತೆ. ಒಂದು ಗೆರೆ ಎಳೆದೆ. ಅಂಚು ಪುಡಿಪುಡಿಯಾಗಿ ಕುಸಿಯಿತು. ಇನ್ನೊಂದು ಎಳೆದೆ, ಅದೂ ಕುಸಿಯಿತು. ಅತಿಥಿ ಮೊಬೈಲ್ ಹಿಡಿದು ಕಾಯುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು.

“ಇದು ಅಕ್ಷರ ಹಿಡಿಯಲ್ಲ ಮಾರಾಯ. ಏಳು ಆ ಕಡೆ,” ಎಂದಳು ಅಮ್ಮ.

ಅವಳು ಹಿಟ್ಟಿನ ಜರಡಿ ತರಿಸಿ ಮರಳನ್ನು ಸೋಸಿದಳು. ಹಿತ್ತಲಿನ ಜಿಗುಟು ಮಣ್ಣನ್ನು ಒಂದು ಹಿಡಿ ಪುಡಿ ಮಾಡಿ ಬೆರೆಸಿ, ನೀರು ಚಿಮುಕಿಸಿ ನಾದಿದಳು. ಆಮೇಲೆ ಒಂದು ಮುಷ್ಟಿ ಹಿಸುಕಿ ಅಂಗೈ ಬಿಚ್ಚಿದಳು. ಐದು ಬೆರಳಿನ ಗುರುತೂ ಅದರ ಮೇಲೆ ಹಾಗೇ ಕೂತಿತ್ತು. ಮುರಿದರೆ ಉದುರದೆ ಎರಡು ತುಂಡಾಯಿತು. ಫೌಂಡ್ರಿಯವರು ಅಚ್ಚಿನ ಮರಳು ಹದಕ್ಕೆ ಬಂದಿದೆಯೇ ಎಂದು ನೋಡುವುದು ಹೀಗೆಯೇ. ಅಪ್ಪ ಶಿಫ್ಟಿಗೆ ಹೋದ ದಿನ ನಮಗೆ ಮರಳು ಹದ ಮಾಡಿಡುತ್ತಿದ್ದವಳು ಅವಳು ಎಂಬುದು ನನಗೆ ಆಗ ಹೊಳೆಯಿತು.

ಮತ್ತೆ ಕೂತು ಹಾಡಿದೆ, ಬರೆದೆ. ಈಗ ಗೆರೆ ಕೊರೆದ ಹಾಗೆ ನಿಂತಿತು. ಎರಡರ ಮಗ್ಗಿಯಿಂದ ಹತ್ತರವರೆಗೆ ಸರಾಗ. ಜಂಬ ಏರಿ ಒಮ್ಮೆಲೇ ಹದಿಮೂರಕ್ಕೆ ಹಾರಿದೆ. “ಹದಿಮೂರಾರ್ಲಿ ಎಪ್ಪತ್ತೆಂಟು, ಹದಿಮೂರೇಳ್ಲಿ…” ನಿಂತುಬಿಟ್ಟೆ. ನಿವೃತ್ತ ಹೆಡ್‌ಮಾಸ್ಟರ್!

“ತೊಂಬತ್ತೊಂದು,” ಎಂದಳು ಅಮ್ಮ. “ಹದಿಮೂರೆಂಟ್ಲಿ ನೂರಾನಾಲ್ಕು…” ರಾಗ ತಪ್ಪಲಿಲ್ಲ. ನನ್ನ ಪಕ್ಕ ಕೂತು, ತೋರುಬೆರಳಿನಿಂದ ಬರೆಯುತ್ತಲೇ ಹೋದಳು. ಹದಿಮೂರು ಮುಗಿಸಿ, ಅಂಗೈಯಿಂದ ಮರಳು ಸವರಿ, ಅಪ್ಪನ ಹೆಸರು ಬರೆದಳು. ಕೆಳಗೆ ನನ್ನದು, ತಮ್ಮನದು. ದುಂಡಗಿನ, ಸ್ವಲ್ಪ ಹಳೆಯ ಕಾಲದ ಕನ್ನಡ ಅಕ್ಷರ. ಒಂದೂ ತಪ್ಪಿಲ್ಲ.

ಅತಿಥಿಯ ಕಣ್ಣು ತುಂಬಿತ್ತು. ಮೊಬೈಲ್ ಕೆಳಗಿಟ್ಟು, ಅಮ್ಮನ ಪಕ್ಕ ನೆಲಕ್ಕೇ ಕೂತುಬಿಟ್ಟರು.

“ಯಾವಾಗ ಕಲಿತೆ?” ಎಂದೆ.

“ನೀವು ಬರೆದಿದ್ದು ಅಳಿಸೋದು ನನ್ನ ಕೆಲಸ ಅಲ್ವಾ? ಅಳಿಸೋ ಮುಂಚೆ ದಿನಾ ಒಂದ್ಸಲ ಅದ್ರ ಮೇಲೆ ತಿದ್ದುತಿದ್ದೆ. ನಿಮ್ಮಪ್ಪಂಗೆ ಗೊತ್ತಿತ್ತು.”

“ಮತ್ತೆ ಬ್ಯಾಂಕಲ್ಲಿ ಯಾಕಮ್ಮ ಹೆಬ್ಬೆಟ್ಟು ಒತ್ತುತೀಯ?”

ಅಮ್ಮ ಬೆರಳಿಗೆ ಅಂಟಿದ ಮರಳನ್ನು ಸೆರಗಿಗೆ ಒರೆಸಿಕೊಂಡಳು. ಕೋಪವೇನೂ ಇರಲಿಲ್ಲ. “ನಾನು ಪೆನ್ ಕೇಳೋದ್ರೊಳಗೆ ನೀನೇ ನನ್ನ ಬೆರಳು ಹಿಡ್ದು ಇಂಕಿಗೆ ಒತ್ತಿಬಿಡ್ತಿದ್ದೆ. ನಾಲ್ಕು ಜನರ ಮುಂದೆ ಮೇಷ್ಟ್ರನ್ನ ತಿದ್ದೋದು ಹೆಂಗೆ?”

ಅಮ್ಮ ಏನು ಹೇಳಿದರೆಂದು ಅತಿಥಿ ಕೇಳಿದರು. ಸುಳ್ಳು ಹೇಳಲು ಇಂಗ್ಲಿಷ್ ಅನುಕೂಲವಾಗಿತ್ತು, ಅಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಮ್ಮನ ಬಗ್ಗೆ ಆಗ ಬಂದಷ್ಟು ಹೆಮ್ಮೆ ನನ್ನ ಬಗ್ಗೆ ನನಗೇ ಎಂದೂ ಬಂದಿರಲಿಲ್ಲ. ಅದನ್ನು ಬಚ್ಚಿಡಲು ಮನಸ್ಸಾಗಲಿಲ್ಲ.

“ಕಾರಿನಲ್ಲಿ ಹೇಳಿದ್ದನ್ನು ಬರೆದುಕೊಂಡಿದ್ದರೆ ಹೊಡೆದುಹಾಕಿ,” ಎಂದೆ. “ನನ್ನ ತಾಯಿಗೆ ಓದು ಬರಹ ಬರುತ್ತದೆ. ಮಗನಿಗೇ ಗೊತ್ತಿರಲಿಲ್ಲ.”