ಫೋನಿನವಳಿಗೆ ನುಡಿಸಿದ ಪದ

ನಮ್ಮ ಸೋಮವಾರದ ಭಜನೆಗೆ ಈಗ ಹೆಣ್ಣುದನಿ ಇಲ್ಲ. ಐದು ಜನ ಗಂಡಸರು ಕೂತು ಐದು ಶ್ರುತಿಯಲ್ಲಿ ಅರಚುತ್ತೇವೆ. ಇದ್ದ ಒಂದೇ ಒಳ್ಳೆಯ ದನಿಯನ್ನು ಕಳೆದವನು ನಾನು, ಅದೂ ಒಂದು ಫೋನ್ ಕರೆಯಲ್ಲಿ, ನಗುನಗುತ್ತಾ. ಯಾರೂ ನನ್ನನ್ನು ಬೈದಿಲ್ಲ, ಏಕೆಂದರೆ ಯಾರಿಗೂ ಗೊತ್ತಿಲ್ಲ. ಗೊತ್ತಿರುವವಳು ಬಾಯಿ ಬಿಡುವುದಿಲ್ಲ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ.

ನಾನು ನ್ಯಾಮತಿಯಲ್ಲಿ ಟೈಲರ್. ಅಂಗಡಿಯಲ್ಲಿ ಒಂದು ಹೊಲಿಗೆ ಮಷಿನ್, ಒಂದು ಕಟಿಂಗ್ ಟೇಬಲ್, ಟೇಬಲ್ಲಿನ ಕೆಳಗೆ ಅಪ್ಪನ ಕಾಲದ ಹಾರ್ಮೋನಿಯಂ. ನಮ್ಮ ಕಡೆ ಅದಕ್ಕೆ ಪೆಟ್ಟಿಗೆ ಅಂತಲೇ ಅನ್ನುವುದು. ಗಿರಾಕಿ ಇಲ್ಲದಾಗ ಪೆಟ್ಟಿಗೆ ಟೇಬಲ್ಲಿನ ಮೇಲೆ ಬರುತ್ತದೆ. ಈಗೀಗ ಅದು ಮೇಲೆಯೇ ಇರುತ್ತದೆ. ಜನ ಮೊಬೈಲಿನಲ್ಲಿ ಅಂಗಿ ತರಿಸುತ್ತಾರೆ, ಅದು ಮೈಗೆ ಕೂರದಿದ್ದಾಗ ನನ್ನ ಹತ್ತಿರ ತರುತ್ತಾರೆ. 'ಸ್ವಲ್ಪ ಹಿಡೀರಿ ಮಾಸ್ತರ್ರೇ' ಅನ್ನುತ್ತಾರೆ. ಹೊಸ ಬಟ್ಟೆ ಹೊಲಿಯುತ್ತಿದ್ದವನು ಬೇರೆಯವರ ತಪ್ಪು ಹೊಲಿಯುವವನಾಗಿದ್ದೇನೆ.

ಹಾಗಾಗಿ ಮೊಬೈಲ್ ಅಂದರೆ ನನಗೆ ಮೊದಲಿನಿಂದ ಆಗದು. ಒಂದು ಸಲ ಯಾವುದೋ ರೆಕಾರ್ಡ್ ಮಾಡಿದ ಹೆಂಗಸು ಏನೋ ಹೇಳಿದಳು, ನಾನು ಏನೋ ಒತ್ತಿದೆ, ನನ್ನ ಫೋನಿಗೆ ಯಾರು ಹಚ್ಚಿದರೂ ಸಿನಿಮಾದ ಪ್ರೇಮಗೀತೆ ಕೇಳತೊಡಗಿತು. ಅದೇ ವಾರ ನನ್ನ ದೊಡ್ಡಪ್ಪ ತೀರಿಕೊಂಡಿದ್ದರು. ಸಂತಾಪ ಹೇಳಲು ಫೋನ್ ಮಾಡಿದವರೆಲ್ಲ ಮೊದಲು ಆ ಹುಡುಗ ಹುಡುಗಿಯ ಸರಸ ಕೇಳಿ ಆಮೇಲೆ ನನ್ನ ಹತ್ತಿರ 'ಹಿಂಗಾಗಬಾರದಿತ್ತು' ಅಂದರು. ಅದನ್ನು ತೆಗೆಸಲು 'ಕನ್ನಡಕ್ಕಾಗಿ ಎರಡನ್ನು ಒತ್ತಿ' ಅನ್ನುವವಳ ಜೊತೆ ಎರಡು ದಿನ ಗುದ್ದಾಡಿದೆ.

ಸಂಗೀತವನ್ನೂ ಇವು ಬಿಡಲಿಲ್ಲ. ಚನ್ನಗಿರಿಯಲ್ಲಿರುವ ನನ್ನ ಷಡ್ಡಕನಿಗೆ ಮೊಬೈಲಿನಲ್ಲಿ ಕರೋಕೆ ಹಾಡುವ ಹುಚ್ಚು. ಕಿವಿಗೆ ವೈರು ಸಿಕ್ಕಿಸಿಕೊಂಡು, ಮುಖ ಕಾಣದ ಯಾವಳೋ ಜೊತೆ ಯುಗಳಗೀತೆ ಹಾಡುತ್ತಾನೆ. ಅವಳ ಪಾಲಿನ ಹಾಡು ಅವನ ಕಿವಿಯಲ್ಲಿರುತ್ತದೆ, ಇವನ ಪಾಲಿನ ಅಪಸ್ವರ ಮಾತ್ರ ಮನೆಯವರಿಗೆ. ನಮ್ಮ ಭಜನೆಯಲ್ಲಿ ತಬಲಾ ಬಾರಿಸುವ ಗೆಳೆಯ ವೆಲ್ಡಿಂಗ್ ಕೆಲಸದವನು, ಸಾಬರವನು, ಒಳ್ಳೆಯ ಕೈ. ಅವನೇ ಒಂದು ದಿನ ತಾನಾಗಿಯೇ ತಾಳ ಹಾಕುವ ಒಂದು ಡಬ್ಬಿ ತಂದ. 'ನಂಗೆ ಜ್ವರ ಬಂದ್ರೆ ಇದು ಬಾರಿಸ್ತೈತೆ ಯಜಮಾನ್ರೇ' ಅಂದ. 'ನೀನು ಸತ್ತರೂ ಬಾರಿಸ್ತೈತೆ, ಮನೀಗೆ ಒಯ್ಯೋ ಮಾರಾಯ' ಅಂತ ಬೈದು ಕಳಿಸಿದೆ.

ಇದೆಲ್ಲಕ್ಕಿಂತ ಮಿಗಿಲಾದ ಪೀಡೆ ಎಂದರೆ ಮಾರುವವರ ಫೋನು. ಲೋನ್ ಬೇಕಾ, ಕಾರ್ಡ್ ಬೇಕಾ, ಸೈಟ್ ಬೇಕಾ, ಇನ್ಶೂರೆನ್ಸ್ ಬೇಕಾ. ಕತ್ತರಿ ಬಟ್ಟೆಯ ನಡುವೆ ಇರುವಾಗಲೇ ಬರುತ್ತದೆ. ಮೊದಮೊದಲು ಬೈದು ನೋಡಿದೆ. ಬೈದರೆ ನನ್ನ ಬಾಯಿಯೇ ಹೊಲಸಾಗುತ್ತದೆ, ಮರುದಿನ ಇನ್ನೊಬ್ಬಳು ಮಾಡುತ್ತಾಳೆ. ಆಮೇಲೆ ಒಂದು ಉಪಾಯ ಹೊಳೆಯಿತು. 'ಬರ್ರಿ ಮೇಡಂ, ಕೂತ್ಕೊಳ್ರಿ' ಅಂತ ಉಪಚರಿಸಿ, ಸ್ಪೀಕರ್ ಹಾಕಿ, ಫೋನನ್ನು ಪೆಟ್ಟಿಗೆಯ ಎದುರಿಗಿಟ್ಟು ಜೋರಾಗಿ ಒಂದು ತತ್ವಪದ ಎತ್ತುವುದು. ಎರಡನೇ ಸಾಲಿಗೆ ಅವರೇ ಕಟ್ ಮಾಡುತ್ತಿದ್ದರು. ಎಷ್ಟು ಖುಷಿ ಆಗುತ್ತಿತ್ತು ಅಂದರೆ, ನಾಲ್ಕು ದಿನ ಫೋನ್ ಬರದಿದ್ದರೆ ನಾನೇ ಕಾಯುತ್ತಿದ್ದೆ. ಚಹಾದಂಗಡಿಯಲ್ಲಿ ಹೇಳಿದೆ, ಭಜನೆಯಲ್ಲಿ ಹೇಳಿದೆ. 'ಮಾನ ಮರ್ಯಾದಿ ಇಲ್ದವ್ರು ಮಾಡೋ ಕೆಲ್ಸ ಅದು' ಅಂತಲೂ ಸೇರಿಸುತ್ತಿದ್ದೆ. ಕೇಳುವವರಲ್ಲಿ ಅವಳೂ ಇರುತ್ತಿದ್ದಳು.

ಅವಳು ಗೋವಿನಕೋವಿಯ ಹುಡುಗಿ. ನಮ್ಮ ಸಂಬಂಧವಲ್ಲ, ಆದರೂ ನನ್ನನ್ನು ಮಾವ ಅನ್ನುತ್ತಿದ್ದಳು. ಎಂಟು ಹತ್ತು ವರ್ಷದವಳಿದ್ದಾಗ ಅಪ್ಪನ ಬೈಕಿನ ಹಿಂದೆ ಕೂತು ಭಜನೆಗೆ ಬಂದವಳು. ಒಂದು ದಿನ ಪದದ ನಡುವೆ ನೀರು ಕುಡಿಯಲು ಎದ್ದು ಹೋದಳು. ನಮ್ಮ ಮಂಡಳಿಯಲ್ಲಿ ಅದು ಆಗದ ಮಾತು. ಪದ ಎತ್ತಿದ ಮೇಲೆ ಮಂಗಳ ಹಾಡುವ ತನಕ ಯಾರೂ ಏಳಬಾರದು. ನನ್ನಪ್ಪ ನನಗೆ ಹೇಳಿದ್ದು, ಅವನಿಗೆ ಅವನ ಗುರು ಹೇಳಿದ್ದು. 'ಹಾಡೋನನ್ನ ಅರ್ಧಕ್ಕೆ ಬಿಟ್ಟು ಹೋಗೋದು, ಉಣ್ಣೋನ ಎದುರಿನ ತಟ್ಟೆ ಎತ್ಕೊಂಡು ಹೋಗೋದು ಎರಡೂ ಒಂದೇ ಕಣವ್ವ' ಅಂತ ಎಲ್ಲರೆದುರು ಗದರಿದೆ. ಮಗು ಅತ್ತುಬಿಟ್ಟಳು. ಅವತ್ತಿನಿಂದ ಎಂದೂ ಎದ್ದವಳಲ್ಲ. ಒಮ್ಮೆ ಕರೆಂಟ್ ಹೋಗಿ, ಗುಡಿಯ ಹೆಂಚು ಸೋರಿ ಅವಳ ತಲೆಯ ಮೇಲೇ ನೀರು ಬೀಳುತ್ತಿದ್ದರೂ ಕೂತೇ ಇದ್ದಳು.

ಆ ದನಿ ನಾನು ಕೊಟ್ಟದ್ದಲ್ಲ, ಆದರೆ ಶ್ರುತಿಗೆ ನಿಲ್ಲಿಸಿದವನು ನಾನು. ನನ್ನ ಪೆಟ್ಟಿಗೆಯಲ್ಲಿ ಮೇಲಿನ ಗಾಂಧಾರ ಕೀರುತ್ತದೆ. ಹೊನ್ನಾಳಿಯಲ್ಲಿ ಅದನ್ನು ಸರಿ ಮಾಡುತ್ತಿದ್ದ ಮುದುಕ ಕೈ ನಡುಗಿ ಅಂಗಡಿ ಮುಚ್ಚಿದ ಮೇಲೆ ಆ ಕೀರಲು ಹಾಗೇ ಉಳಿಯಿತು. ಆ ಸ್ವರ ಬರುವಾಗ ಅವಳು ದನಿಯನ್ನು ಒಂಚೂರು ಎತ್ತಿ ನನ್ನ ಕೀರಲನ್ನು ಮುಚ್ಚಿಬಿಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ ಅದು.

ಹೋದ ವರ್ಷ ಅವಳಿಗೆ ದಾವಣಗೆರೆಯಲ್ಲಿ 'ಆಫೀಸ್ ಕೆಲಸ' ಸಿಕ್ಕಿತು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಸೋಮವಾರ ಮಾತ್ರ ನ್ಯಾಮತಿಯಲ್ಲಿಳಿದು ನೇರ ಭಜನೆಗೆ. ಜಗಳೂರಿನಿಂದ ಒಂದು ಸಂಬಂಧ ಬಂದಿತ್ತು, ಅವಳಿಗೆ ಮನಸ್ಸಿರಲಿಲ್ಲ. ಅಪ್ಪ ಒಂದು ಮಾತು ಹೇಳಿದ್ದ: ಮೂರು ತಿಂಗಳಿಗೆ ಕೆಲಸ ಕಾಯಂ ಆದರೆ ಮದುವೆ ಮಾತು ಎರಡು ವರ್ಷ ಮುಂದಕ್ಕೆ, ಆಗದಿದ್ದರೆ ಜಗಳೂರಿಗೆ ಹೂಂ ಅನ್ನಬೇಕು. ಇದು ನಮಗೆಲ್ಲ ಗೊತ್ತಿತ್ತು. ತಬಲಾದವನಂತೂ ಅವಳ ಕೆಲಸ ಕಾಯಂ ಆಗಲೆಂದು ದರ್ಗಾಕ್ಕೆ ಸಕ್ಕರೆ ಹರಕೆ ಹೊತ್ತಿದ್ದ. ಅವಳು ಹೋದರೆ ಭಜನೆ ಏನಾಗುತ್ತದೆ ಅನ್ನುವುದು ಅವನಿಗೂ ತಿಳಿದಿತ್ತು.

ಮೂರನೇ ತಿಂಗಳಿನ ಒಂದು ಮಧ್ಯಾಹ್ನ ಫೋನ್ ಬಂತು. ಹೆಣ್ಣುದನಿ. 'ನಮಸ್ಕಾರ ಸರ್, ನಿಮ್ಮ ಅಮೂಲ್ಯವಾದ ಎರಡು ನಿಮಿಷ ನೀಡಬಹುದೇ?' ಪುಸ್ತಕ ಓದಿದ ಹಾಗೆ, ಮೂಗಿನಿಂದ, ಇಸ್ತ್ರಿ ಹಾಕಿದ ದನಿ. ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ನನಗೆ ಉಮೇದು ಬಂತು. 'ಎರಡು ಯಾಕೆ ಮೇಡಂ, ಹತ್ತು ತಗೊಳ್ರಿ' ಅಂದು ಸ್ಪೀಕರ್ ಹಾಕಿ ತಿದಿ ಒತ್ತಿದೆ.

ಎರಡನೇ ಸಾಲಾಯಿತು, ಫೋನ್ ಕಟ್ ಆಗಲಿಲ್ಲ. ಒಂದು ನುಡಿ ಮುಗಿಯಿತು, ಆಗಲಿಲ್ಲ. ಕೂತವರು ಹೊಟ್ಟೆ ಹಿಡಿದು ನಗುತ್ತಿದ್ದರು. 'ಭಲೇ ಗಟ್ಟಿ ಐತಿ ಈ ಹೆಂಗ್ಸು' ಅಂದ ಒಬ್ಬ. ನನಗೂ ಹಟ ಬಂತು. ನಾಲ್ಕೂ ನುಡಿ ಹಾಡಿದೆ, ಕೀರುವ ಗಾಂಧಾರವನ್ನು ಬೇಕೆಂದೇ ಎಳೆದೆಳೆದು ಒತ್ತಿದೆ, ಕೊನೆಗೆ ಮಂಗಳವನ್ನೂ ಹಾಡಿದೆ. ತಿದಿ ನಿಂತಿತು. ಆ ಕಡೆಯಿಂದ 'ಧನ್ಯವಾದ ಸರ್' ಅಂತ ಬಂತು, ಮೆಲ್ಲಗೆ. ಕಟ್ ಆಯಿತು. ನೋಡಿದರೆ ಹನ್ನೊಂದು ನಿಮಿಷ.

ಇಂಥ ಕಥೆ ಸಿಕ್ಕರೆ ಬಿಡುವವನಾ ನಾನು? ಊರೆಲ್ಲ ಹೇಳಿದೆ. ಸೋಮವಾರ ಭಜನೆಗೆ ಮುಂಚೆ ಅವಳ ಮೂಗಿನ ದನಿ ಅಣಕಿಸಿ, ಕೈಮುಗಿದು, 'ಧನ್ಯವಾದ ಸರ್' ಅಂದು ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗೋವಿನಕೋವಿ ಹುಡುಗಿ ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೆ ಅಂದುಕೊಂಡೆ. ಅವತ್ತು ಒಂದೇ ಪದ ಹಾಡಿದಳು, ಮಂಗಳದ ತನಕ ಕೂತಳು, ಕೊನೆಯ ಬಸ್ಸಿಗೆ ಹೋದಳು. ಮುಂದಿನ ಸೋಮವಾರ ಬರಲಿಲ್ಲ, ಅದರ ಮುಂದಿನದ್ದಕ್ಕೂ ಬರಲಿಲ್ಲ.

ಒಂದು ತಿಂಗಳ ಮೇಲೆ ಅಂಗಡಿಗೆ ಬಂದಳು. ಕೈಯಲ್ಲಿ ಬಟ್ಟೆ. ಮದುವೆಯ ರವಿಕೆ ಹೊಲಿಸಬೇಕಿತ್ತು.

'ಜಗಳೂರೇ ಗಟ್ಟಿ ಆತೇನವ್ವಾ? ಕೆಲಸ?'

'ಕಾಯಂ ಮಾಡ್ಲಿಲ್ಲ ಮಾವ.'

'ಯಾಕಂತೆ? ಯಾವನವನು ನಿನ್ನಂಥವಳನ್ನ ತೆಗೆದೋನು? ದಡ್ಡ ಸೂಳೇಮಗ!'

ಅವಳು ಪೆಟ್ಟಿಗೆಯ ಮೇಲೆ ಕೈ ಇಟ್ಟಳು. 'ಅವತ್ತು ಫೋನ್ ಮಾಡಿದ್ದು ನಾನೇ ಮಾವ' ಅಂದಳು.

'ನಂಬರು ನಮಗೆ ಕಾಣಂಗಿಲ್ಲ, ಮಷಿನ್ನೇ ಹಚ್ಚತೈತೆ' ಅಂದಳು. 'ನಿಮ್ಮ ದನಿ ಕೇಳಿದ ಕೂಡ್ಲೇ ಗೊತ್ತಾತು. ನಾನು ಮಾವ ಅನ್ನಾಕೆ ಬಾಯಿ ತೆಗೆದೆ, ಅಷ್ಟ್ರಾಗೆ ನೀವು ಪದ ಎತ್ತಿಬಿಟ್ರಿ.'

'ಎತ್ತಿದ್ರೆ ಏನಾತು? ಕಟ್ ಮಾಡಬೇಕಿತ್ತಲ್ಲೇ ತಾಯಿ!'

'ಹೆಂಗೆ ಮಾಡ್ಲಿ ಮಾವ? ಮಂಗಳ ಆಗಿರ್ಲಿಲ್ಲ.'

ಹನ್ನೊಂದು ನಿಮಿಷ. ಏನೂ ಮಾರದ ಹನ್ನೊಂದು ನಿಮಿಷ. ಕರೆಗಳೆಲ್ಲ ರೆಕಾರ್ಡ್ ಆಗುತ್ತವಂತೆ. ಮೇಲಿನವನು ಎಲ್ಲ ಹುಡುಗಿಯರನ್ನೂ ನಿಲ್ಲಿಸಿ ಅದನ್ನು ಕೇಳಿಸಿದನಂತೆ. 'ಕಛೇರಿ ಕೇಳಾಕೆ ಸಂಬಳ ಕೊಡ್ತೀವೇನಮ್ಮ?' ಅಂದನಂತೆ. ಅಲ್ಲಿಯೂ ಎಲ್ಲ ನಕ್ಕರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಇಂಥದ್ದಕ್ಕೇ ಅನ್ನುವುದು. ಕೀರುವ ಒಂದು ಸ್ವರವನ್ನು ನಿದ್ದೆಯಲ್ಲೂ ಗುರುತಿಸುತ್ತೇನೆ ಅಂತ ಬಡಾಯಿ ಕೊಚ್ಚುವ ಈ ಕಿವಿಗೆ, ಹದಿನೈದು ವರ್ಷ ಪಕ್ಕದಲ್ಲಿ ಕೂತು ಹಾಡಿದ ದನಿ ಗೊತ್ತಾಗಲಿಲ್ಲ. ಥೂ ನನ್ನ ಕಿವಿಗೆ.

'ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ. ತಪ್ಪು ನಂದು ಅಂತೀನಿ' ಅಂದೆ.

'ಬ್ಯಾಡ ಮಾವ. ಎಂಥ ಕೆಲಸ ಅಂತ ಅವ್ರಿಗೆ ಗೊತ್ತಿಲ್ಲ. ಮಾನ ಇಲ್ದವ್ರ ಕೆಲಸ ಅಂತ ನೀವೇ ಹೇಳಿದ್ದು ಅವ್ರೂ ಕೇಳ್ಯಾರೆ.' ಬಟ್ಟೆಯನ್ನು ಟೇಬಲ್ಲಿನ ಮೇಲಿಟ್ಟು ಸೇರಿಸಿದಳು, 'ಅಳತೆ ತಗೊಳ್ರಿ, ಬಸ್ಸಿಗೆ ಹೊತ್ತಾತು.'

ಅಳತೆ ತೆಗೆದುಕೊಂಡೆ. ಎರಡು ಸಲ ತಪ್ಪು ಬರೆದೆ.

ಅವಳು ಬೇಡವೆಂದರೂ ನನಗೆ ಸುಮ್ಮನಿರಲಾಗಲಿಲ್ಲ. ರವಿಕೆ ಆದ ದಿನ ನಾನೇ ಒಯ್ದು ಕೊಡುತ್ತೇನೆಂದು ಗೋವಿನಕೋವಿಗೆ ಹೋದೆ. ಅವಳಪ್ಪನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿಬಿಡಬೇಕು, ಕೈಕಾಲು ಹಿಡಿದಾದರೂ ಮದುವೆ ಮುಂದಕ್ಕೆ ಹಾಕಿಸಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಳಗೆ ಕಾಲಿಟ್ಟರೆ ಪಡಸಾಲೆ ತುಂಬ ಜನ. ಜಗಳೂರಿನ ಬೀಗರು, ಹುಡುಗ, ಹುಡುಗನ ಸೋದರಮಾವ, ಮತ್ತೆ ಯಾರ್ಯಾರೋ.

'ಬರ್ರಿ ಬರ್ರಿ ಮಾಸ್ತರ್ರೇ, ಒಳ್ಳೇ ಟೈಮಿಗೆ ಬಂದ್ರಿ!' ಅಂದ ಅವಳಪ್ಪ. ಬೀಗರ ಕಡೆ ತಿರುಗಿ, 'ಇವ್ರೇ ನಾನು ಹೇಳಿದೋರು. ಆ ಫೋನಿನ ಕಥೆ ಇವ್ರ ಬಾಯಾಗೇ ಕೇಳ್ಬೇಕು. ಹೇಳ್ರಿ ಮಾಸ್ತರ್ರೇ, ಆ ಹೆಂಗ್ಸು ಹನ್ನೊಂದು ನಿಮಿಷ ಕೂತು ಕೇಳಿದ್ದು!'

ನಾನು ಆಗದು ಅಂದೆ. ಗಂಟಲು ಕಟ್ಟಿದೆ ಅಂದೆ. ಬೀಗರು ಬಿಡಲಿಲ್ಲ. ಅಷ್ಟರಲ್ಲಿ ಅವಳು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು. ಹೇಳಬೇಡಿ ಅಂದಿದ್ದು ಯಾವುದನ್ನು ಅಂತ ಆ ಕಣ್ಣು ನೆನಪಿಸಿತು. ನಿಜ ಬಾಯಿಬಿಟ್ಟರೆ ಆ ಪಡಸಾಲೆಯಲ್ಲೇ ಅವಳ ಮಾನ ಹೋಗುತ್ತದೆ, ಸುಮ್ಮನಿದ್ದರೆ ಅಪ್ಪನಿಗೆ ಅನುಮಾನ ಬರುತ್ತದೆ.

ಹೇಳಿದೆ. ನಮಸ್ಕಾರ ಸರ್ ಇಂದ ಶುರು ಮಾಡಿ, ಮೂಗಿನ ದನಿ ಮಾಡಿ, ಕೈಮುಗಿದು. ಜಗಳೂರಿನವರು ತೊಡೆ ತಟ್ಟಿಕೊಂಡು ನಕ್ಕರು. ಹುಡುಗ ಕಣ್ಣೊರೆಸಿಕೊಂಡು, 'ಪಾಪ, ಎಂಥ ಪೆದ್ದಿ ಇರಬೇಕ್ರೀ ಅವ್ಳು' ಅಂದ.

ಚಹಾ ಆರುತ್ತಿತ್ತು. ಅವಳು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ನಾನು ಕೊನೆಯ 'ಧನ್ಯವಾದ ಸರ್' ಹೇಳಿ ಮುಗಿಸುವ ತನಕ ಅಲ್ಲಿಂದ ಕದಲಲಿಲ್ಲ.