ಮಲಂಗಸಾಬನ ಐದು ಸಾವಿರ ಮೀಟರ್

ರಾಯಚೂರಿನ ಮಾರುಕಟ್ಟೆ ಗಂಜ್‌ನಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲ ಹೊರುತ್ತಿದ್ದ ಮಲಂಗಸಾಬ ಐವತ್ತು ದಾಟಿದ ಮೇಲೆ ಓಟಗಾರನಾದ. ೧೯೮೨ರಲ್ಲಿ ಬೆಂಗಳೂರಿನ ಹಿರಿಯರ ಕ್ರೀಡಾಕೂಟದಲ್ಲಿ ಐದು ಸಾವಿರ ಮೀಟರ್ ಓಡಿ ಚಿನ್ನ ತಂದ. ಅವನ ಬೆನ್ನಿಗೇ ಎರಡನೆಯವನಾಗಿ ಬಂದವನು ಗದ್ದೆಪ್ಪ. ಅದೇ ಗಂಜ್‌ನ ಹಮಾಲಿ, ದೇವದುರ್ಗ ತಾಲ್ಲೂಕಿನಲ್ಲಿ ಮಲಂಗಸಾಬನ ಊರೇ ಆದ ಮಸರಕಲ್ಲಿನವನು, ಓರಗೆಯವನು. ಗಂಜ್‌ನವರು ಇಬ್ಬರಿಗೂ ಹಾರ ಹಾಕಿದರು.

"ಎರಡು ಮುದಿ ಎತ್ತು ಬೆಂಗಳೂರು ಉತ್ತು ಬಂದಾವ ನೋಡ್ರಿ" ಎಂದ ದಲಾಲ ಜಹೀರುದ್ದೀನ್.

ಮಲಂಗಸಾಬ ನಗಲಿಲ್ಲ. ಬರುವಾಗ ರೈಲಿನಲ್ಲೇ ಅವನಿಗೊಂದು ಸಂಶಯ ಹತ್ತಿತ್ತು. ಊರಿನ ಮೊಹರಮ್ಮಿನಲ್ಲಿ ದೇವರು, ಅಂದರೆ ಪಂಜಾ, ಹಿಡಿದು ಮೈದುಂಬಿ ಓಡುವವನು ಅವನು. ಹಿಂದೆ ನವಿಲುಗರಿ ಬೀಸುತ್ತ ಓಡುವವನು ಗದ್ದೆಪ್ಪ. ದೇವರು ಹಿಡಿದವನನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ. ಪ್ರಾಯದಿಂದ ಹಾಗೇ ಓಡಿದ ಕಾಲು ಮೈದಾನದಲ್ಲೂ ಹಿಂದೆಯೇ ಉಳಿಯಿತೇ?

"ಲೇ ಗದ್ದ್ಯಾ, ಖರೇ ಹೇಳು. ಕಡೀ ಸುತ್ತಿನ್ಯಾಗ ನಿನ್ನ ಕಡಿ ಇನ್ನಾ ದಮ್ಮಿತ್ತಿಲ್ಲೋ?"

"ಗೊತ್ತಿಲ್ಲೋ ಮಾರಾಯ. ನಿನ್ನ ಬೆನ್ನು ಕಂಡ್ರ ಕಾಲು ಅದರ ಹಿಂದೇ ಹೊಂಡತಾವ."

"ಚಡ್ಡಿ ಹಾಕ್ಕೊಂಡು ಓಡಾಕತ್ತೀನಿ, ನನ್ನ ಮೈಯಾಗ ಯಾವ ದೇವರು ಬರ್ತಾನಲೇ? ಈ ಚಿನ್ನ ನಂದೋ, ನೀ ಬಿಟ್ಟಿದ್ದೋ, ನನಗ ತಿಳೀಬೇಕು. ಮುಂದಿನ ಸಲ ದಾಟಿ ಹೋಗು."

"ನೋಡೂಣು."

"ನೋಡೂಣು ಅಲ್ಲ. ದಾಟಬೇಕು."

ಅಲ್ಲಿಂದ ದಿನಾ ನಸುಕಿನಲ್ಲಿ ಇಬ್ಬರೂ ಓಡಿದರು. ಗದ್ದೆಪ್ಪ ಹಿಂದೆಯೇ ಓಡಿದ, ಮಲಂಗಸಾಬ ಬೈಯುತ್ತಲೇ ಓಡಿದ.

ಮರುವರ್ಷದ ಕ್ರೀಡಾಕೂಟಕ್ಕೆ ತಿಂಗಳಿರುವಾಗ ಮಲಂಗಸಾಬ ಅಂಡಿಗೆ ಇಳಿಸಿ, ನೀರು ಕೇಳಿ, ನೀರು ಬರುವ ಮೊದಲೇ ಸತ್ತ. ಗದ್ದೆಪ್ಪ ಮಣ್ಣು ಮುಗಿಸಿ ಬಂದು ಮರುದಿನ ಕೆಲಸಕ್ಕೆ ಹೋದ. ಅಳು ಬರಲಿಲ್ಲ. ಉಣ್ಣಲು ಕರೆದರೆ ಉಂಡ. ಬೆಂಗಳೂರಿಗೆ ಹೋಗು ಎಂದರು, ಹೋದ.

ಹಿಂದಿನ ಮೈದಾನವೇ. ಮೊದಲ ಸುತ್ತಿನಿಂದಲೇ ಅವನು ಎಲ್ಲರಿಗಿಂತ ಮುಂದಿದ್ದ. ಕಣ್ಣೆದುರು ಯಾರ ಬೆನ್ನೂ ಇರಲಿಲ್ಲ. ಚಿನ್ನ ಬಂತು. ಮೈಕಿನಲ್ಲಿ ಹೇಳಿದ ವೇಳೆ ಮಲಂಗಸಾಬನದಕ್ಕಿಂತ ಆರು ಸೆಕೆಂಡು ಹೆಚ್ಚಿತ್ತು.

ರಾಯಚೂರಿನಲ್ಲಿ ಇಳಿದವನು ಮನೆಗೆ ಹೋಗದೆ ಮಾನ್ವಿಯ ಬಸ್ಸು ಹತ್ತಿದ. ಮಲಂಗಸಾಬನ ಹೆಂಡತಿ ಹೀರಾಬಿ ಅಲ್ಲಿ ತವರು ಸೇರಿದ್ದಳು. ಗಂಡ ಸತ್ತ ಮೇಲಿನ ಇದ್ದತ್ತಿನ ದಿನಗಳು, ಹೊರಗೆ ಬರುವಂತಿರಲಿಲ್ಲ. ಬಾಗಿಲ ಪರದೆಯ ಆಚೆಯಿಂದಲೇ ಮಾತಾಡಿದಳು.

"ಭಾಬಿ, ಅವನಿಗೆ ಕಡೀತನಕ ಸಂಶಯ ಇತ್ತಲ್ಲ, ಅವನು ಖರೇನೇ ಗೆದ್ದಿದ್ದ. ಈ ಸಲ ಮುಂದ ಯಾರೂ ಇರದಿದ್ರೂ ನನಗ ಅವನಕಿಂತ ಆರು ಸೆಕೆಂಡು ಹೆಚ್ಚು ಹತ್ತಿತು. ನಾ ದಾಟಾಕ ಹೋಗಿದ್ರೂ ದಾಟಾಕ ಆಗ್ತಿದ್ದಿಲ್ಲ."

ಹೀರಾಬಿ ಪರದೆಯ ಹತ್ತಿರ ಬಂದಳು.

"ಈ ಸಲ ಪೂರಾ ದಮ್ಮು ಹಾಕಿ ಓಡಿದಿರೇನಣ್ಣ?"

ಗದ್ದೆಪ್ಪನಿಗೆ ಓಡಿದ್ದು ನೆನಪಿತ್ತು. ದಣಿದದ್ದು ನೆನಪಿರಲಿಲ್ಲ.

"ಹೂಂ" ಎಂದ.

"ಆತು ಬಿಡ್ರಿ. ಕುಂದರ್ರಿ, ಚಾ ಕಳಿಸ್ತೀನಿ."

ಚಾ ಬಂತು. ಕುಡಿದ. ರಾಯಚೂರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ.