ಎದುರುಮನೆಯಲ್ಲಿ ಉಳಿದ ಬೆಂಕಿ

ನಮ್ಮ ಮನೆಯನ್ನು ಸುಟ್ಟದ್ದು ನಮ್ಮವ್ವ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸುರಪುರದ ನಮ್ಮ ಓಣಿಯಲ್ಲಿ ಕೇಳಿದರೆ ಇವತ್ತಿಗೂ ಬೇರೆಯೇ ಕಥೆ ಹೇಳುತ್ತಾರೆ. ಅವಳು ಬೇಕೆಂದು ಸುಟ್ಟವಳಲ್ಲ. ಒಲೆ ಆರಬಾರದೆಂದು ಮಾಡಿದ ಕೆಲಸದಿಂದ ಮನೆ ಸುಟ್ಟಿತು.

ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅಜ್ಜಿ ಅವಳನ್ನು ಒಲೆಯ ಮುಂದೆ ಕೂರಿಸಿ, "ಇದು ನನ್ನ ಅತ್ತಿ ನನಗ ಕೊಟ್ಟ ಬೆಂಕಿ. ನೀ ಆರಿಸಬ್ಯಾಡ" ಎಂದಿದ್ದಳಂತೆ. ಅಂದಿನಿಂದ ಅವ್ವ ಮಲಗುವ ಮುಂಚೆ ಕೆಂಡದ ಮೇಲೆ ಒಂದು ಸಗಣಿಯ ಕುಳ್ಳಿಟ್ಟು ಬೂದಿ ಮುಚ್ಚುವಳು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಕೆಂಡ ಕಣ್ಣು ಬಿಡುತ್ತಿತ್ತು. ಕಡ್ಡಿಪೆಟ್ಟಿಗೆ ಸಿಗುವುದೇ ಕಷ್ಟವಿದ್ದ ಕಾಲ. ಓಣಿಯ ಹೆಂಗಸರೆಲ್ಲ ಕುಳ್ಳಿನ ಚೂರು ಹಿಡಿದು ನಮ್ಮಲ್ಲಿಗೆ ಬೆಂಕಿಗೆ ಬರುತ್ತಿದ್ದರು. ಅವ್ವನಿಗೆ ಅದರ ಜಂಬ ಇಷ್ಟಿಷ್ಟಲ್ಲ. ಮೈಮೇಲೆ ಬಂಗಾರವಿಲ್ಲದ ಹೆಂಗಸಿಗೆ ಅಷ್ಟಾದರೂ ಜಂಬ ಬೇಡವೇ?

ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಎದುರುಮನೆಯ ಕಾಕಿ. ಅವಳ ಗಂಡ ಪಿಂಜಾರ, ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನ. ನಮಗೆ ಅವನು ಕಾಕಾ. ಅವ್ವನನ್ನು ಅವನು ಅಕ್ಕಾ ಎನ್ನುತ್ತಿದ್ದ, ಅವ್ವ ಅವನನ್ನು ತಮ್ಮಾ ಎನ್ನುತ್ತಿದ್ದಳು.

ನಿಜಾಮನ ಸಂಸ್ಥಾನ ಭಾರತಕ್ಕೆ ಸೇರಬೇಕೋ ಬೇಡವೋ ಎಂಬ ಗದ್ದಲ ನಮ್ಮ ಓಣಿಗೂ ಬಂದದ್ದು ಆ ಮಳೆಗಾಲದಲ್ಲಿ. ನಿಜಾಮನ ಪರವಾಗಿ ಆಯುಧ ಹಿಡಿದವರು ಹಳ್ಳಿಗಳಿಗೆ ನುಗ್ಗುತ್ತಿದ್ದಾರೆಂಬ ಖಬರು ಬಂದದ್ದೇ ತಡ, ಜನ ಗಾಡಿ ಕಟ್ಟಿ ಸರಹದ್ದಿನ ಆಚೆಗೆ ಹೊರಟರು. ನಾವೂ ಹುಣಸಗಿಯ ಮೇಲೆ ಹಾದು ತಾಳಿಕೋಟೆಯ ಕಡೆ ಅವ್ವನ ತವರಿಗೆ ಹೊರಟೆವು. ಕಾಕಾ ಹೊರಡಲಿಲ್ಲ. ಆಯುಧದವರ ಜೊತೆ ತಿರುಗುವ ಮನುಷ್ಯನೂ ಅವನಲ್ಲ. ಹತ್ತಿ ಹಿಂಜುವ ಬಿಲ್ಲು ಎತ್ತಿದರೇ ಅವನ ತೋಳು ಸೋಲುತ್ತಿತ್ತು. ಅಪ್ಪ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಕಾಕಾನ ಕೈಗೆ ಕೊಟ್ಟ.

ಹೊರಡುವ ಗಡಿಬಿಡಿಯಲ್ಲೂ ಅವ್ವ ಒಲೆ ಮರೆಯಲಿಲ್ಲ. "ನಾಕ ದಿನದ ಮಾತು" ಎಂದುಕೊಂಡು, ನಾಲ್ಕು ದಿನ ತಾಳಲೆಂದು ಕೆಂಡದ ಮೇಲೆ ಒಂದು ಬುಟ್ಟಿ ಕುಳ್ಳು ಒಟ್ಟಿ ಬೂದಿ ಮುಚ್ಚಿದಳು. ಮಳೆಗೆ ನೆನೆಯಬಾರದೆಂದು ತೊಗರಿ ಕಟ್ಟಿಗೆಯ ಹೊರೆಗಳನ್ನು ಅದೇ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ ಒರಗಿಸಿದ್ದಳು. ಮೇಲಿನ ಮಣ್ಣಿನ ಮಾಳಿಗೆಯ ಬೆಳಕಿಂಡಿಗೆ ಬಂಡೆ ಮುಚ್ಚಲು ಮಾತ್ರ ಮರೆತಳು. ಆಮೇಲಿನದನ್ನು ಗಾಳಿ ನೋಡಿಕೊಂಡಿತು.

ಕೆಲವು ತಿಂಗಳ ಮೇಲೆ ನಾವು ತಿರುಗಿ ಬರುವಾಗ ಗದ್ದಲ ಮುಗಿದಿತ್ತು, ಕಚೇರಿಯ ಮೇಲೆ ಹೊಸ ಬಾವುಟ ಹಾರುತ್ತಿತ್ತು. ಓಣಿಯ ತಿರುವಿನಲ್ಲೇ ಹೊಗೆ ಹಿಡಿದ ನಮ್ಮ ಮನೆ ಕಂಡಿತು. ಮುಂದಿನ ಪಡಸಾಲೆ ನಿಂತಿತ್ತು. ತೊಲೆಗಳು ಕಪ್ಪಾಗಿದ್ದರೂ ಮುರಿದಿರಲಿಲ್ಲ. ಹಿಂದಿನ ಅಡುಗೆಮನೆಯ ಮಾಳಿಗೆ ಕುಸಿದು ಮಣ್ಣಿನ ದಿಬ್ಬವಾಗಿತ್ತು. ಕಾಕಾ ಬಂದು ಕೀಲಿಕೈ ಚಾಚಿದ. ಆ ಕೈಯ ಚರ್ಮ ಸುಟ್ಟು ಸುಕ್ಕಾಗಿತ್ತು, ಎರಡು ಬೆರಳು ಮಡಚಿದವು ಬಿಚ್ಚುತ್ತಿರಲಿಲ್ಲ.

"ಅಕ್ಕಾ, ಹೊಗಿ ನೋಡಿ ಕೀಲಿ ತಗದೀನ್ರಿ. ನೀರು ಹೊಡದು ಅರ್ಧಾ ಉಳಸೀನಿ. ಇನ್ನರ್ಧಾ ನನ್ನ ಕೈಲಿ ಆಗಲಿಲ್ರಿ" ಎಂದು ತಪ್ಪು ಮಾಡಿದವನ ಹಾಗೆ ನಿಂತ.

ಅವ್ವ ದಿಬ್ಬ ಹತ್ತಿ ಒಲೆಯಿದ್ದ ಜಾಗಕ್ಕೆ ಹೋದಳು. ಒಲೆಯ ಹಿಂದಿನ ಗೋಡೆಯ ಕಲ್ಲುಗಳು ಸುಟ್ಟು ಬೆಳ್ಳಗಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಬೇರೆಲ್ಲೂ ಕಲ್ಲು ಅಷ್ಟು ಸುಟ್ಟಿರಲಿಲ್ಲ.

"ಬೆಂಕಿ ಇಲ್ಲಿಂದನ ಎದ್ದದ. ನಾ ಮುಚ್ಚಿಟ್ಟ ಬೆಂಕಿ" ಎಂದಳು.

"ಬಾಯಿ ಮುಚ್ಚು" ಎಂದ ಅಪ್ಪ. ಮೆಲ್ಲಗೆ ಹೇಳಿದ, ಆದರೆ ಅಂಥ ದನಿಯನ್ನು ನಾನು ಅವನ ಬಾಯಲ್ಲಿ ಕೇಳಿರಲಿಲ್ಲ.

ಅಷ್ಟರಲ್ಲಿ ಊರಿಗೆ ತನ್ನ ಕಥೆ ಸಿಕ್ಕಿಯಾಗಿತ್ತು. ಕೀಲಿ ಮುರಿದಿಲ್ಲ, ಕೀಲಿಕೈ ಯಾರ ಹತ್ತಿರ ಇತ್ತು? ಬಾಗಿಲು ತೆಗೆದವನು ಯಾರು? ಉರಿಯುವ ಮನೆಯಲ್ಲಿ ಗಳ ಹಿರಿಯುವ ಜಾತಿ ಎಂದರು. ಸುಟ್ಟ ಕೈ ಎಲ್ಲರ ಕಣ್ಣೆದುರೇ ಇತ್ತು. ಅದನ್ನೂ ಬೆಂಕಿ ಹಚ್ಚುವಾಗ ಸುಟ್ಟುಕೊಂಡದ್ದು ಎಂದರು. ನನಗೆ ಆಗ ಒಂಬತ್ತೋ ಹತ್ತೋ. ದೊಡ್ಡವರು ಇಷ್ಟು ದಡ್ಡರಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಮನೆಯನ್ನು ರಿಪೇರಿ ಮಾಡುವುದೋ, ಕೆಡವಿ ಹೊಸದಾಗಿ ಕಟ್ಟುವುದೋ ಎಂಬ ಮಾತು ಶುರುವಾದದ್ದು ಈ ಗುಸುಗುಸುವಿನ ನಡುವೆ. ಗೌಂಡಿ ಬಂದು ಗೋಡೆ ಬಡಿದು ನೋಡಿ, "ಮುಂದಿಂದು ಗಟ್ಟಿ ಅದರಿ. ಅಡಗಿಮನಿ ಒಂದು ಎಬ್ಬಿಸಿದ್ರ ಮಳಿಗಾಲ ಬರೂದ್ರಾಗ ಒಳಗ ಇರತೀರಿ" ಎಂದ. ಅವ್ವನಿಗೂ ಅದೇ ಬೇಕಿತ್ತು. ಅಪ್ಪ ಮಾತ್ರ ಪಾಯದಿಂದಲೇ ಕೀಳಬೇಕೆಂದ. ಸುಟ್ಟ ಮನೆಯಲ್ಲಿ ಸಂಸಾರ ಮಾಡಿದರೆ ಏಳಿಗೆಯಿಲ್ಲ ಎಂದು ಹೊರಗಿನವರಿಗೆ ಹೇಳಿದ. ಒಳಗಿನ ಕಾರಣವನ್ನು ಪಡಸಾಲೆಯಲ್ಲಿ ನನ್ನೆದುರೇ ಅವ್ವನಿಗೆ ಹೇಳಿದ.

"ಆ ಗ್ವಾಡಿ ನೋಡಿದ ಯಾರಿಗೆ ಬೇಕಾದ್ರೂ ತಿಳೀತದ ಬೆಂಕಿ ಎಲ್ಲಿಂದ ಎದ್ದದಂತ. ನಾಳಿ ನಿನ್ನ ಏನಂತಾರ ಗೊತ್ತದೇನು? ತನ್ನ ಮನಿಗೆ ತಾನ ಕೊಳ್ಳಿ ಇಟ್ಟಾಕಿ ಅಂತಾರ. ಸಾಯೂತನಾ ಅಂತಾರ."

"ಅನ್ನಲಿ ಬಿಡ್ರಿ. ನಾ ಇಟ್ಟಿದ್ದಕ್ಕ ನನಗ ಅಂತಾರ. ಅವ ಏನ್ ಮಾಡ್ಯಾನ? ಕೈ ಸುಟಗೊಂಡು ಈ ಪಡಸಾಲಿ ಉಳಸ್ಯಾನ. ಇದನ್ನೂ ಕೆಡವಿದ್ರ ಅವಂಗ ಸಾಕ್ಷಿ ಏನ್ ಉಳೀತದ?"

ಮರುದಿನವೇ ಅಪ್ಪ ಕೆಡವಲು ಆಳು ಕರೆಸಿದ. ಅವನು ಕೆಟ್ಟವನಲ್ಲ. ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಮಾಡಿದ. ಅದಕ್ಕೇ ನನಗೆ ಅವನನ್ನು ಪೂರ್ತಿ ಕ್ಷಮಿಸಲೂ ಆಗಿಲ್ಲ, ಪೂರ್ತಿ ಬಯ್ಯಲೂ ಆಗಿಲ್ಲ.

ಮೊದಲು ಇಳಿಸಿದ್ದು ಒಲೆಯ ಹಿಂದಿನ ಗೋಡೆಯನ್ನು. ಬೆಳ್ಳಗೆ ಬೆಂದ ಕಲ್ಲುಗಳನ್ನು ಗಾಡಿಯಲ್ಲಿ ಹೇರಿ ಹಳ್ಳಕ್ಕೆ ಚೆಲ್ಲಿದರು. ಆಮೇಲೆ ಪಡಸಾಲೆಗೆ ಹಾರೆ ಹಾಕಿದರು. ಮೊದಲ ತೊಲೆ ಕೆಳಗೆ ಬಿದ್ದಾಗ ಅವ್ವನಿಗೆ ತಡೆಯಲಾಗಲಿಲ್ಲ. ಓಣಿಯ ನಡುವೆ ನಿಂತು, ನೋಡಲು ಬಂದ ಹೆಂಗಸರೆಲ್ಲರ ಎದುರು ಹೇಳಿಯೇಬಿಟ್ಟಳು: "ಕೇಳ್ರೆವ್ವಾ, ಈ ಮನಿ ಸುಟ್ಟಾಕಿ ನಾ. ಒಲಿಯಾಗ ಬೆಂಕಿ ಮುಚ್ಚಿ ಹೋಗಿದ್ದೆ. ನಮ್ಮ ತಮ್ಮಂದು ಏನೂ ತಪ್ಪಿಲ್ಲ."

ಒಬ್ಬ ಮುದುಕಿ ಮುಂದೆ ಬಂದು ಅವ್ವನ ಕೆನ್ನೆ ಸವರಿ ನೆಟಿಗೆ ಮುರಿದಳು. "ಎಂಥಾ ದೊಡ್ಡ ಮನಸ್ಸವ್ವಾ ನಿಂದು! ಮನಿ ಸುಟ್ಟವನ ತಪ್ಪು ನಿನ್ನ ಮೈಮ್ಯಾಲ ಹಾಕ್ಕೊಳ್ಳಾಕತ್ತೀದಿ." ಉಳಿದವರು ಹೌದೌದು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವ್ವ ಹಳ್ಳದ ದಾರಿಯ ಕಡೆ ಕೈಮಾಡಿ, "ಗ್ವಾಡಿ ಇದ್ದಿದ್ರ ತೋರಸತಿದ್ದೆ" ಎಂದಳು. ಕೇಳುವವರು ಯಾರೂ ಇರಲಿಲ್ಲ. ಕೊಡದ ಬಾಯಿ ಕಟ್ಟಬಹುದು, ಊರ ಬಾಯಿ ಕಟ್ಟಲಾದೀತೇ ಎನ್ನುತ್ತಾರೆ. ಊರಿನ ಕಿವಿ ಬಿಚ್ಚುವುದು ಅದಕ್ಕಿಂತ ಕಷ್ಟ.

ಕಾಕಾನಿಗೆ ಗಾದಿ ಹೊಲಿಸುವವರು ಇಲ್ಲವಾದರು. ಬಾವಿಯಲ್ಲಿ ಕಾಕಿಯ ಕೊಡ ಬಂದರೆ ಉಳಿದ ಕೊಡಗಳು ಹಿಂದೆ ಸರಿಯುತ್ತಿದ್ದವು. ಆದರೂ ಹಿತ್ತಲ ಚಪ್ಪರದಲ್ಲಿ ನಮ್ಮನ್ನು ಮಲಗಿಸುತ್ತಿದ್ದ ಅವ್ವ ಅಡುಗೆಯನ್ನು ಅವರ ಪಡಸಾಲೆಯಲ್ಲೇ ಮಾಡುತ್ತಿದ್ದಳು, ಅವರ ಒಲೆಯ ಬೆಂಕಿಯಲ್ಲೇ. ಗದ್ದಲದಲ್ಲಿ ಓಣಿಯ ಉಳಿದ ಮನೆಗಳೆಲ್ಲ ಬರಿದಾಗಿ ಒಲೆಗಳು ಆರಿದ್ದವು. ನಾವು ಹೊರಟ ದಿನ ಬೆಳಿಗ್ಗೆ ಕಾಕಿ ನಮ್ಮಲ್ಲಿಂದ ಒಯ್ದ ಕೆಂಡ ಮಾತ್ರ ಅವಳ ಒಲೆಯಲ್ಲಿ ಜೀವ ಹಿಡಿದಿತ್ತು. ಅಜ್ಜಿಯ ಅತ್ತೆಯ ಬೆಂಕಿ ಉಳಿದದ್ದು ಅಲ್ಲೊಂದೇ. "ಹೊಸಾ ಮನ್ಯಾಗ ಹಾಲು ಉಕ್ಕಸೂದು ಇದರಿಂದನ" ಎಂದು ಅವ್ವ ಎಷ್ಟೋ ಸಲ ಹೇಳುತ್ತಿದ್ದಳು. ಕಾಕಿ ತಲೆಯಾಡಿಸುತ್ತಿದ್ದಳು.

ಹೊಸ ಮನೆಯ ಪ್ರವೇಶದ ದಿನ ಬೆಳಗಾಗುವಾಗ ನೋಡಿದರೆ ಅದರ ಹೊಸ್ತಿಲ ಮೇಲೆ ಎದುರುಮನೆಯ ಕೀಲಿಕೈ ಇತ್ತು. ಎದುರು ಬಾಗಿಲಿಗೆ ಕೀಲಿ ಬಿದ್ದಿತ್ತು. ಹೈದರಾಬಾದಿನ ಕಡೆಗೆ ಹೋದರೆಂದು ಯಾರೋ ಅಂದರು. ನಮಗೆ ಒಂದು ಮಾತು ಹೇಳದೆ ಹೋಗಿದ್ದರು. ಶುಭಕಾರ್ಯದ ಮನೆಯ ಮುಂದೆ ಅಳು ಬೇಡವೆಂದುಕೊಂಡರೇನೋ.

ಅವ್ವ ಕೀಲಿಕೈ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಕುಳ್ಳಿನ ಚೂರು ಹಿಡಿದು ಓಣಿ ದಾಟಿದಳು. ನಾನು ಹಿಂದೆ ಹೋದೆ. ಒಳಗೆ ನೆಲ ಸಾರಿಸಿತ್ತು. ಅವಳು ಒಲೆಯ ಮುಂದೆ ಕುಕ್ಕರಿಸಿ ಬೂದಿಗೆ ಕೈಹಾಕಿದಳು. ಕೈಗೆ ಕೆಸರು ಹತ್ತಿತು.

ಕಾಕಿ ಒಲೆಗೆ ಕೊಡಗಟ್ಟಲೆ ನೀರು ಹೊಯ್ದು ಹೋಗಿದ್ದಳು. ಒಂದು ಕಿಡಿಯೂ ಇರದಂತೆ, ಒಲೆಯ ಕಲ್ಲುಗಳ ಸಂದಿನಲ್ಲೂ ನೀರು ನಿಂತಿತ್ತು.

"ಅಂಜ್ಯಾಳ" ಎಂದಳು ಅವ್ವ. "ಖಾಲಿ ಮನಿಗೆ ಬೆಂಕಿ ಹತ್ತಿದ್ರ ಅದನ್ನೂ ತಮ್ಮ ಮ್ಯಾಲನ ಹಾಕತಾರಂತ ಅಂಜ್ಯಾಳ." ಆಮೇಲೆ ಆ ಕೆಸರು ಕೈಯಲ್ಲೇ ಮುಖ ಮುಚ್ಚಿಕೊಂಡಳು. ಸುಟ್ಟ ನಮ್ಮ ಮನೆ ಕಂಡ ದಿನ ಅಳದವಳು ಅಂದು ಪರರ ಮನೆಯ ಆರಿದ ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಹೊಸ ಮನೆಯಲ್ಲಿ ಹಾಲನ್ನು ಕಡ್ಡಿ ಗೀರಿ ಉಕ್ಕಿಸಿದರು. ಅಂದಿನಿಂದ ಸಾಯುವವರೆಗೂ ಅವ್ವ ಮಲಗುವ ಮುಂಚೆ ಒಲೆಗೆ ನೀರು ಹೊಯ್ಯುತ್ತಿದ್ದಳು.